ಹೊಟ್ಟೆನೋವಿಗೂ ಒಂದು ಗೆರೆ

ಹೆಂಗಸರಿಗೆ ಬರುವ ನೋವುಗಳಲ್ಲಿ ಮರ್ಯಾದಸ್ಥ ನೋವು, ಮರ್ಯಾದೆಯಿಲ್ಲದ ನೋವು ಎಂದು ಎರಡು ಜಾತಿ. ತಲೆನೋವು, ಹಲ್ಲುನೋವು, ಮಂಡಿನೋವು ಇವೆಲ್ಲ ಮರ್ಯಾದಸ್ಥ ವರ್ಗಕ್ಕೆ ಸೇರಿದವು. ಮನೆಗೆ ಬಂದವರೆದುರು ಧಾರಾಳವಾಗಿ ಹೇಳಿಕೊಳ್ಳಬಹುದು. ಅವರೂ ತಮ್ಮ ಮಂಡಿಯ ಕಥೆ ಹೇಳಿ, ಕಾಫಿ ಕುಡಿದು, ಒಂದು ಎಣ್ಣೆಯ ಹೆಸರು ಬರೆದುಕೊಟ್ಟು ಹೋಗುತ್ತಾರೆ. ಹೆರಿಗೆ ನೋವಿಗಂತೂ ರಾಜಮರ್ಯಾದೆ. ಅದನ್ನು ಪಟ್ಟವರು ಐವತ್ತು ವರ್ಷ ಕಳೆದರೂ ಗಂಟೆ ನಿಮಿಷದ ಸಮೇತ ವರ್ಣಿಸುತ್ತಾರೆ. ಆದರೆ ತಿಂಗಳಿಗೊಮ್ಮೆ ಬರುವ ಹೊಟ್ಟೆನೋವಿಗೆ ಯಾವ ಮರ್ಯಾದೆಯೂ ಇಲ್ಲ. ಅದಕ್ಕೆ ಸ್ವಂತ ಹೆಸರೂ ಇಲ್ಲ. 'ಹುಷಾರಿಲ್ಲ', 'ಸುಸ್ತು', 'ಏನೋ ಒಂಥರಾ' ಎಂದು ಬೇರೆ ಬೇರೆ ವೇಷ ತೊಟ್ಟು ಅದು ಓಡಾಡಬೇಕು.

ನಮ್ಮ ಮನೆಯಲ್ಲಿ ಹೆಂಗಸರು ಹಿತ್ತಲ ಪಕ್ಕದ ಕೋಣೆಯಲ್ಲಿ ಮೂರು ದಿನ 'ದೂರ' ಕೂರುತ್ತಿದ್ದ ಕಾಲವನ್ನು ನಾನು ನೋಡಿದ್ದೇನೆ. 'ಅಮ್ಮನ್ನ ಕಾಗೆ ಮುಟ್ಟಿದೆ' ಎಂದು ನಮಗೆ, ಮಕ್ಕಳಿಗೆ, ಹೇಳುತ್ತಿದ್ದರು. ನಮ್ಮೂರಿನ ಕಾಗೆಗಳಿಗೆ ಹೆಂಗಸರನ್ನು ಬಿಟ್ಟು ಗಂಡಸರನ್ನು ಮುಟ್ಟಲು ಬರುವುದೇ ಇಲ್ಲವಲ್ಲ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಆ ಕೋಣೆಯಲ್ಲಿ ನಮ್ಮ ದೊಡ್ಡಮ್ಮ ಚಾಪೆಯ ಮೇಲೆ ಬೋರಲು ಮಲಗಿ, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಿದ್ದರು. ಅಜ್ಜಿ ಓಮದ ಕಷಾಯವನ್ನು ಹೊಸ್ತಿಲ ಆಚೆ ಇಟ್ಟು, 'ಹೆಣ್ಣಾಗಿ ಹುಟ್ಟಿದ ಮೇಲೆ ಇಷ್ಟೂ ತಡೆಯದಿದ್ದರೆ ಹೇಗೆ?' ಎಂದು ಹೇಳಿ ಹೋಗುತ್ತಿದ್ದರು. ಅಜ್ಜಿಯೇನೂ ಕೆಟ್ಟವರಲ್ಲ. ಅವರಿಗೂ ಯಾರೋ ಹಾಗೆಯೇ ಹೇಳಿದ್ದರು, ಅಷ್ಟೆ.

ಮುಂದೆ ನಾನು ಫಾರ್ಮಸಿ ಓದಿ, ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಔಷಧಶಾಸ್ತ್ರದ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ನಿವೃತ್ತಳಾಗುವವರೆಗೂ ಅದೇ ಕೆಲಸ. ದೊಡ್ಡಮ್ಮ ಸೆರಗು ಕಚ್ಚಿ ತಡೆದುಕೊಂಡಿದ್ದ ವಸ್ತುವನ್ನು ಗಾಜಿನ ಕೊಳವೆಯಲ್ಲಿ ನೇತುಹಾಕಿ ನೋಡುವ ಭಾಗ್ಯ ನನಗೆ ಬಂದದ್ದು ಹೀಗೆ.

ಪ್ರಯೋಗಶಾಲೆ ಎಂದರೆ ಏನೋ ಮಹಾ ಎಂದುಕೊಳ್ಳಬೇಡಿ. ನಮ್ಮದು ಅಡುಗೆಮನೆಗೆ ಹತ್ತಿರವಾದದ್ದೇ. ಕೈಮೋಗ್ರಾಫ್ ಎಂಬ ಒಂದು ಉಪಕರಣ. 1847ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ಕಂಡುಹಿಡಿದದ್ದು. ನಿಧಾನವಾಗಿ ತಿರುಗುವ ಒಂದು ಡ್ರಮ್ಮು, ಅದರ ಸುತ್ತ ನುಣುಪಾದ ಬಿಳಿ ಕಾಗದ. ಬೆಳಿಗ್ಗೆ ಎದ್ದು ನಮ್ಮ ಅಟೆಂಡರು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಆ ಕಾಗದಕ್ಕೆ ಹೊಗೆ ಹಿಡಿಸುವುದು. ಸೀಮೆಎಣ್ಣೆ ದೀಪದ ಕಪ್ಪು ಎಲ್ಲ ಕಡೆಯೂ ಸಮನಾಗಿ ಕೂರಬೇಕು. ಕಾಡಿಗೆ ಹಿಡಿಯುತ್ತಿದ್ದ ನಮ್ಮ ಅಜ್ಜಿಯರು ನೋಡಿದ್ದರೆ ಮೆಚ್ಚುತ್ತಿದ್ದರು. ಆಮೇಲೆ ಒಂದು ಉದ್ದನೆಯ ಕಡ್ಡಿಯ ತುದಿ ಆ ಮಸಿಯನ್ನು ಕೆರೆಯುತ್ತ ಹೋದಂತೆ ಕಪ್ಪಿನ ಮೇಲೆ ಬಿಳಿ ಗೆರೆ ಮೂಡುತ್ತದೆ. ಗೆರೆ ಅಳಿಸದಿರಲೆಂದು ಕಾಗದವನ್ನು ಅರಗಿನ ದ್ರಾವಣದಲ್ಲಿ ಅದ್ದಿ ದಾರಕ್ಕೆ ನೇತುಹಾಕುತ್ತಿದ್ದೆವು, ಹಪ್ಪಳ ಒಣಗಿಸಿದ ಹಾಗೆ.

ಕಡ್ಡಿಯ ಇನ್ನೊಂದು ತುದಿಗೆ ದಾರ. ದಾರದ ಕೆಳಗೆ, ಬೆಚ್ಚಗಿನ ಉಪ್ಪುನೀರಿನ ಕೊಳವೆಯಲ್ಲಿ, ಹೆಣ್ಣು ಇಲಿಯ ಗರ್ಭಕೋಶದ ಒಂದು ಕವಲು. ಇಲಿಯ ಗರ್ಭಕೋಶಕ್ಕೆ ಎರಡು ಕವಲುಗಳಿರುತ್ತವೆ. ನೀರಿನಲ್ಲಿ ಉಪ್ಪು, ಸಕ್ಕರೆ, ಸೋಡ, ಚೂರು ಸುಣ್ಣದಂಶ, ಎಲ್ಲಕ್ಕೂ ಲೆಕ್ಕವುಂಟು. ಕೆಳಗಿನಿಂದ ಗುಳುಗುಳು ಎಂದು ಗಾಳಿ ಬಿಡುತ್ತಿರಬೇಕು. ಇಷ್ಟು ಉಪಚಾರ ಮಾಡಿದರೆ ದೇಹದಿಂದ ಬೇರೆಯಾದ ಆ ತುಂಡು ಗಂಟೆಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಆಕ್ಸಿಟೋಸಿನ್ ಎಂಬ ಔಷಧದ ಒಂದೆರಡು ತೊಟ್ಟು ಹಾಕಿ. ತುಂಡು ಮುದುಡುತ್ತದೆ, ದಾರ ಎಳೆಯುತ್ತದೆ, ಕಡ್ಡಿ ಏಳುತ್ತದೆ, ಮಸಿ ಕಾಗದದ ಮೇಲೆ ಒಂದು ಗುಡ್ಡ. ನೀರು ಬದಲಿಸಿ ತೊಳೆದರೆ ಗುಡ್ಡ ಇಳಿದು ಬಯಲು.

ಇಲಿಯನ್ನು ಕೊಲ್ಲುವುದಿತ್ತಲ್ಲ, ಅದರ ಬಗ್ಗೆ ನಾನು ಮನೆಯಲ್ಲಿ ಹೆಚ್ಚು ಹೇಳುತ್ತಿರಲಿಲ್ಲ. ಹೇಗೋ ಗೊತ್ತಾಗಿ ಅಮ್ಮ, 'ಗಣಪತಿ ವಾಹನ ಕಣೇ, ಚೌತಿ ದಿನವಾದರೂ ಬಿಡಿ' ಎಂದಿದ್ದರು. ಚೌತಿಗೆ ಕಾಲೇಜಿಗೆ ಹೇಗೂ ರಜವಾದ್ದರಿಂದ ಅಮ್ಮನ ಮಾತು ನಡೆಯಿತು.

ಒಂದು ವರ್ಷ ಎಂ.ಫಾರ್ಮ ಓದುತ್ತಿದ್ದ ಹುಡುಗಿಯೊಬ್ಬಳು ತನ್ನ ಪ್ರಬಂಧಕ್ಕೆ ಈ ವಿಷಯವನ್ನೇ ಆರಿಸಿಕೊಂಡಳು: ನೋವಿನ ಮಾತ್ರೆಗಳು ಗರ್ಭಕೋಶದ ಸೆಳೆತವನ್ನು ಎಷ್ಟರಮಟ್ಟಿಗೆ ತಡೆಯುತ್ತವೆ? ಸಾಮಾನ್ಯ ತರಗತಿಗಳಲ್ಲಿ ನಾವು ನೀರಿನ ಬಿಸಿಯನ್ನೂ ಸುಣ್ಣದಂಶವನ್ನೂ ಕಮ್ಮಿ ಇಟ್ಟು ಆ ತುಂಡು ತೆಪ್ಪಗಿರುವಂತೆ ನೋಡಿಕೊಳ್ಳುತ್ತಿದ್ದೆವು. ಅವಳಿಗೆ ಬೇಕಿದ್ದುದು ತೆಪ್ಪಗಿರದ ತುಂಡು. ಬಿಸಿ ಏರಿಸಿದಳು, ಸುಣ್ಣದಂಶ ಹೆಚ್ಚಿಸಿದಳು. ಯಾವ ಔಷಧವೂ ಇಲ್ಲದೆ ತಾನಾಗಿಯೇ ಅದು ಸೆಳೆಯತೊಡಗಿತು. ಗುಡ್ಡದ ಪಕ್ಕ ಗುಡ್ಡ, ಗುಡ್ಡದ ಪಕ್ಕ ಗುಡ್ಡ, ಬಾಬಾಬುಡನ್‌ಗಿರಿಯ ಸಾಲಿನ ಹಾಗೆ. ಆಗ ಮೆಫೆನಾಮಿಕ್ ಆಸಿಡ್ ಹಾಕಿದಳು. ನಮ್ಮ ಹೆಣ್ಣುಮಕ್ಕಳು ಅಂಗಡಿಯಲ್ಲಿ 'ಮೆಫ್ತಾಲ್ ಕೊಡಿ' ಎಂದು ಪಿಸುದನಿಯಲ್ಲಿ ಕೇಳುತ್ತಾರಲ್ಲ, ಅದರೊಳಗಿನ ವಸ್ತು.

ತಕ್ಷಣ ಏನೂ ಆಗಲಿಲ್ಲ. ಹುಡುಗಿಯ ಮುಖ ಸಪ್ಪಗಾಯಿತು. ಹತ್ತು ನಿಮಿಷ ಕಾದೆವು. ಗುಡ್ಡಗಳು ಒಂದೊಂದಾಗಿ ತಗ್ಗಿದವು, ಅವುಗಳ ನಡುವಿನ ಬಯಲು ಅಗಲವಾಯಿತು. ಅಷ್ಟರಲ್ಲಿ ಅವಳು ಸ್ಟೂಲಿನ ಮೇಲೆ ಕೂತು ಮೇಜಿಗೆ ಹೊಟ್ಟೆ ಒತ್ತಿಕೊಂಡಿದ್ದಳು. 'ಏನಮ್ಮ?' ಎಂದೆ. 'ಏನಿಲ್ಲ ಮೇಡಂ, ಸ್ವಲ್ಪ ಸುಸ್ತು' ಎಂದಳು. ಆ ಸುಸ್ತು ಎಂಥದ್ದೆಂದು ನನಗೆ ತಿಳಿಯದೆ? ಎದುರಿಗೆ ಮಸಿ ಕಾಗದದಲ್ಲಿ ಅದರದೇ ಚಿತ್ರ ಇಳಿದಿತ್ತು. ಇಲಿಯ ಆ ಪುಟ್ಟ ತುಂಡಿಗೆ ಔಷಧ ಕೊಟ್ಟಾಗಿತ್ತು. ಅದನ್ನು ಕೊಟ್ಟವಳು ಮಾತ್ರ ಹಲ್ಲು ಕಚ್ಚಿ ಕೂತಿದ್ದಳು. ಯಾಕಮ್ಮ ನೀನೊಂದು ಮಾತ್ರೆ ನುಂಗಲಿಲ್ಲ ಎಂದದ್ದಕ್ಕೆ, 'ಅಭ್ಯಾಸ ಆಗಿಬಿಡತ್ತೆ, ಮುಂದೆ ಮಕ್ಕಳಾಗಲ್ಲ ಅಂತ ಅಮ್ಮ ಬೈತಾರೆ' ಎಂದಳು. ಔಷಧಶಾಸ್ತ್ರದಲ್ಲಿ ಅವಳಿಗೆ ಮೊದಲ ದರ್ಜೆ. ಆದರೂ ಅಮ್ಮನ ಮಾತು ಯಾವ ಪಠ್ಯಪುಸ್ತಕಕ್ಕಿಂತ ಮೇಲು.

ತಿಂಗಳಿಗೆ ಮೂರು ದಿನ ಹೀಗೆ ಮಾತ್ರೆ ತೆಗೆದುಕೊಳ್ಳುವುದರಿಂದ ಅದು ಚಟವಾಗುವುದಿಲ್ಲ, ಬಂಜೆತನವೂ ಬರುವುದಿಲ್ಲ. ಇದನ್ನು ಅವಳಿಗೆ ಹೇಳಿದೆ, ನಿಮಗೂ ಹೇಳುತ್ತಿದ್ದೇನೆ. ಮಗುವಿಗಾಗಿ ಪ್ರಯತ್ನಿಸುತ್ತಿರುವವರು, ಬಸುರಿಯರು ಮಾತ್ರ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಇಷ್ಟಕ್ಕೂ ಆ ಸೆಳೆತ ಬರುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಜಗತ್ತಿಗೆ ಬಹಳ ಕಾಲ ಹಿಡಿಯಿತು. 1930ರಲ್ಲಿ ನ್ಯೂಯಾರ್ಕಿನ ಕರ್ಜ಼ರಾಕ್ ಮತ್ತು ಲೀಬ್ ಎಂಬಿಬ್ಬರು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮಾನವ ಗರ್ಭಕೋಶದ ಪಟ್ಟಿಗಳನ್ನು ಇದೇ ರೀತಿ ನೇತುಹಾಕಿ, ಗಂಡಸಿನ ವೀರ್ಯದಲ್ಲಿರುವ ಏನೋ ಒಂದು ಅದನ್ನು ಬಿಗಿಯುತ್ತದೆ, ಕೆಲವೊಮ್ಮೆ ಸಡಿಲಿಸುತ್ತದೆ ಎಂದು ಕಂಡರು. 1935ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಆ ವಸ್ತುವಿಗೆ ಪ್ರೊಸ್ಟಗ್ಲಾಂಡಿನ್ ಎಂದು ನಾಮಕರಣ ಮಾಡಿದರು. ಗಂಡಸರ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುತ್ತದೆಂಬ ನಂಬಿಕೆಯಿಂದ ಇಟ್ಟ ಹೆಸರು. ನಮ್ಮ ಹೊಟ್ಟೆನೋವಿಗೂ ಗಂಡಸರ ಹೆಸರೇ ಗತಿ!

1957ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ವಿಜ್ಞಾನಿಯೊಬ್ಬರು ಯಾರೂ ಮುಟ್ಟದ ವಸ್ತುವನ್ನು ಮುಟ್ಟಿದರು, ಅಂದರೆ ಮುಟ್ಟಿನ ಸ್ರಾವವನ್ನೇ ಪರೀಕ್ಷೆಗೆ ತೆಗೆದುಕೊಂಡರು. ಸ್ನಾಯುವನ್ನು ಬಿಗಿಯುವ ವಸ್ತು ಅದರಲ್ಲೇ ಇದೆ ಎಂದು ತೋರಿಸಿದರು. ಅದು ಪ್ರೊಸ್ಟಗ್ಲಾಂಡಿನ್ನೇ ಎಂದು ಮುಂದಿನ ವರ್ಷಗಳಲ್ಲಿ ಖಚಿತವಾಯಿತು. ಆ ಪುಣ್ಯಾತ್ಮರ ಹೆಸರು ಪಿಕಲ್ಸ್. ಪಿಕಲ್ಸ್ ಎಂದರೆ ಉಪ್ಪಿನಕಾಯಿ! ಮುಟ್ಟಾದವರು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆಂದು ಭರಣಿಯನ್ನು ಅಟ್ಟದ ಮೇಲಿಡುತ್ತಿದ್ದ ಮನೆಯಲ್ಲಿ ಬೆಳೆದ ನನಗೆ, ಈ ಹೆಸರನ್ನು ಮೊದಲ ಸಲ ಓದಿದ ದಿನ ಲೈಬ್ರರಿಯಲ್ಲಿ ಒಬ್ಬಳೇ ನಕ್ಕು ನಕ್ಕು ಸಾಕಾಯಿತು.

1971ರಲ್ಲಿ ಜಾನ್ ವೇನ್ ಎಂಬ ಇಂಗ್ಲಿಷ್ ವಿಜ್ಞಾನಿ ಆಸ್ಪಿರಿನ್ ಕೆಲಸ ಮಾಡುವ ಗುಟ್ಟನ್ನು ಬಿಡಿಸಿದರು. ಆಸ್ಪಿರಿನ್ ಮತ್ತು ಅದರ ಬಳಗದ ಮಾತ್ರೆಗಳು ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ನಿಲ್ಲಿಸುತ್ತವೆ. 1973ರಲ್ಲಿ ವೇನ್ ಮತ್ತು ವಿಲಿಯಮ್ಸ್ ಇಲಿಯ ಗರ್ಭಕೋಶದ ಮೇಲೆ ಇದನ್ನು ಪರೀಕ್ಷಿಸಿ, ಹೊರಗೆ ನೇತುಹಾಕಿದ ತುಂಡು ಕೂಡ ತನ್ನ ಸೆಳೆತಕ್ಕೆ ಬೇಕಾದ ಪ್ರೊಸ್ಟಗ್ಲಾಂಡಿನ್ನನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದು ತೋರಿಸಿದರು. 1982ರಲ್ಲಿ ವೇನ್ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ಬಂತು.

ನಮ್ಮ ಹುಡುಗಿಯ ಪ್ರಯೋಗದಲ್ಲಿ ಗುಡ್ಡಗಳು ತಡವಾಗಿ ತಗ್ಗಿದ್ದೇಕೆಂದು ಈಗ ಹೇಳಬಹುದು. ಮಾತ್ರೆಯ ಮುಖ್ಯ ಕೆಲಸ ಹೊಸದಾಗಿ ತಯಾರಾಗುವುದನ್ನು ತಡೆಯುವುದು. ಈಗಾಗಲೇ ತಯಾರಾಗಿ ಕೂತದ್ದು ಕರಗುವವರೆಗೆ ಕಾಯಬೇಕು. ನಲ್ಲಿ ನಿಲ್ಲಿಸಿದರೂ ಬಕೆಟ್ಟಿನಲ್ಲಿರುವ ನೀರು ಇದ್ದೇ ಇರುತ್ತದಲ್ಲ, ಹಾಗೆ. ಆದ್ದರಿಂದಲೇ ನೋವು ತಡೆಯಲಾರದಷ್ಟು ಏರಿ ಕಣ್ಣೀರು ಬಂದ ಮೇಲೆ ಮಾತ್ರೆ ನುಂಗಿ, 'ಏನೂ ಪ್ರಯೋಜನವಿಲ್ಲ' ಎನ್ನುವುದಕ್ಕಿಂತ, ಸ್ರಾವವೋ ನೋವೋ ಶುರುವಾಗುತ್ತಿದ್ದಂತೆ, ಹೊಟ್ಟೆಗೆ ಏನಾದರೂ ತಿಂದು, ತೆಗೆದುಕೊಳ್ಳುವುದು ಮೇಲು. 'ಆದಷ್ಟು ತಡೆದು ನೋಡು, ಆಗದಿದ್ದರೆ ತಗೊ' ಎನ್ನುವ ನಮ್ಮ ಮನೆಗಳ ನೀತಿ ಈ ಮಾತ್ರೆಯ ವಿಷಯದಲ್ಲಿ ತಲೆಕೆಳಗು.

ಒಳಗೆ ನಡೆಯುವುದಿಷ್ಟು. ಬಸಿರು ನಿಲ್ಲದ ತಿಂಗಳಲ್ಲಿ ಗರ್ಭಕೋಶದ ಒಳಪದರಕ್ಕೆ ಆಧಾರವಾಗಿದ್ದ ಪ್ರೊಜೆಸ್ಟರಾನ್ ರಸ ಕಡಿಮೆಯಾಗುತ್ತದೆ, ಪದರ ಕಳಚುತ್ತದೆ, ಪ್ರೊಸ್ಟಗ್ಲಾಂಡಿನ್ ಹೊರಬರುತ್ತದೆ. ಸ್ನಾಯು ಹಿಂಡಿಕೊಳ್ಳುತ್ತದೆ. ನೋವು ಜೋರಾಗಿರುವವರಲ್ಲಿ ಗರ್ಭಕೋಶದೊಳಗಿನ ಒತ್ತಡ ಪಾದರಸದ 120 ಮಿಲಿಮೀಟರನ್ನು ದಾಟುವುದುಂಟು. ಬಿ.ಪಿ. ನೋಡಿಸಿಕೊಳ್ಳುವ ನಮಗೆಲ್ಲ ಈ ಸಂಖ್ಯೆ ಪರಿಚಿತವೇ. ಹೃದಯ ರಕ್ತವನ್ನು ನೂಕುವ ಒತ್ತಡ ಅದು. ಗರ್ಭಕೋಶ ಅದಕ್ಕಿಂತ ಬಿಗಿಯಾಗಿ ಹಿಂಡಿದರೆ ಒಳಗೆ ರಕ್ತ ಹೋಗುವುದೆಲ್ಲಿಂದ? ರಕ್ತ ಸಿಗದ ಸ್ನಾಯು ಅರಚುತ್ತದೆ. ಅದೇ ಪ್ರೊಸ್ಟಗ್ಲಾಂಡಿನ್ ಮೈಗೆಲ್ಲ ಹರಡಿ ವಾಂತಿ, ಭೇದಿ, ತಲೆನೋವು ತರುತ್ತದೆ. 'ನಿನ್ನೆ ತಿಂದ ಬೋಂಡಾದಿಂದ' ಎಂದು ಬೈಸಿಕೊಂಡ ಹುಡುಗಿಯರೇ, ಬೋಂಡಾ ನಿರಪರಾಧಿ.

ಅಜ್ಜಿಯ ವೈದ್ಯವನ್ನು ನಾನು ತಳ್ಳಿಹಾಕುತ್ತಿಲ್ಲ. 2001ರಲ್ಲಿ ಅಮೆರಿಕದಲ್ಲಿ ನಡೆಸಿದ ಒಂದು ಪರೀಕ್ಷೆಯಲ್ಲಿ, ಹೊಟ್ಟೆಗೆ ಕಟ್ಟುವ ಸುಮಾರು 39 ಡಿಗ್ರಿ ಶಾಖದ ಪಟ್ಟಿ ಐಬುಪ್ರೊಫೆನ್ ಮಾತ್ರೆಯಷ್ಟೇ ಆರಾಮ ಕೊಟ್ಟಿತು. ಬಾಣಲೆಯಲ್ಲಿ ಹುರಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದ ಅಜ್ಜಿ ಥರ್ಮಾಮೀಟರ್ ಇಟ್ಟಿರಲಿಲ್ಲ, ಅಷ್ಟೇ ವ್ಯತ್ಯಾಸ.

ಹಾಗೆಯೇ ಮಾತ್ರೆಯನ್ನು ದೇವರೆಂದೂ ಹೇಳಲಾರೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಉಬ್ಬಸ ಇರುವವರಿಗೆ ಇದು ಸಲ್ಲದು. 2023ರ ನವೆಂಬರಿನಲ್ಲಿ ಭಾರತೀಯ ಔಷಧಕೋಶ ಆಯೋಗವು, ಮೆಫೆನಾಮಿಕ್ ಆಸಿಡ್ ಅಪರೂಪಕ್ಕೆ ಜ್ವರ, ಮೈಮೇಲೆ ಗಂಧೆ, ಒಳ ಅಂಗಗಳಿಗೆ ತೊಂದರೆ ತರುವ ತೀವ್ರ ಅಲರ್ಜಿ ಉಂಟುಮಾಡಬಹುದೆಂದು ಎಚ್ಚರಿಸಿತು. ಅಂಥದ್ದೇನಾದರೂ ಕಂಡರೆ ಮಾತ್ರೆ ನಿಲ್ಲಿಸಿ ವೈದ್ಯರ ಬಳಿಗೆ ಓಡಬೇಕು. ಎಲ್ಲರಿಗೂ ಗುಣ ಕೊಡುತ್ತದೆಂದೂ ಇಲ್ಲ. ಈ ಬಳಗದ ಮಾತ್ರೆಗಳ ಮೇಲೆ ನಡೆದ 80 ಪರೀಕ್ಷೆಗಳನ್ನು, 5,820 ಹೆಂಗಸರ ಅನುಭವವನ್ನು, 2015ರಲ್ಲಿ ಕಾಕ್ರೇನ್ ಸಂಸ್ಥೆಯವರು ಒಟ್ಟುಗೂಡಿಸಿ ನೋಡಿದರು. ಸುಮ್ಮನೆ ಹಿಟ್ಟಿನ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 18 ಮಂದಿಗೆ ಆರಾಮವೆನಿಸಿದರೆ, ನಿಜವಾದ ಮಾತ್ರೆ ನುಂಗಿದವರಲ್ಲಿ 45ರಿಂದ 53 ಮಂದಿಗೆ.

ಉಳಿದವರ ಕಥೆಯೇನು? ಈ ಲೆಕ್ಕ ನನ್ನ ಅಕ್ಕನ ಮಗಳ ರೂಪದಲ್ಲಿ ನಮ್ಮ ಮನೆಗೇ ಬಂತು. ಅವಳಿಗೆ ಹದಿನಾರರಿಂದ ನೋವು. ಮಾತ್ರೆಯೂ ಆಯಿತು, ಶಾಖವೂ ಆಯಿತು, ಮೆಂತ್ಯ ಮಜ್ಜಿಗೆಯೂ ಆಯಿತು. ತೋರಿಸಿದ ಒಬ್ಬ ವೈದ್ಯರು, 'ಮದುವೆ ಮಾಡಿಬಿಡಿ, ಎಲ್ಲ ಸರಿಹೋಗತ್ತೆ' ಎಂದಿದ್ದರು. ಅಕ್ಕ ಅದನ್ನೇ ಔಷಧಚೀಟಿ ಎಂದು ತಿಳಿದು ಜಾತಕ ಹೊರಡಿಸಿದ್ದಳು. ಒಂದು ರಾತ್ರಿ ಹುಡುಗಿ ನನಗೆ ಫೋನ್ ಮಾಡಿ, 'ಚಿಕ್ಕಮ್ಮ, ನನಗೆ ತಡ್ಕೊಳ್ಳೋ ಶಕ್ತಿ ಇಲ್ವಾ? ಬೇರೆಯವರೆಲ್ಲ ಹೇಗೆ ಇರ್ತಾರೆ?' ಎಂದು ಕೇಳಿದಳು.

ನನ್ನ ಕಣ್ಣ ಮುಂದೆ ಆ ಮಸಿ ಕಾಗದ ಬಂತು. ಪ್ರೊಸ್ಟಗ್ಲಾಂಡಿನ್ನಿನ ನೋವಾದರೆ, ಸರಿಯಾದ ಪ್ರಮಾಣದಲ್ಲಿ ಸರಿಯಾದ ಹೊತ್ತಿಗೆ ಮಾತ್ರೆ ಕೊಟ್ಟಾಗ ಗುಡ್ಡ ಸ್ವಲ್ಪವಾದರೂ ತಗ್ಗಬೇಕಿತ್ತು. ಎರಡು ಮೂರು ತಿಂಗಳು ಕ್ರಮವಾಗಿ ಕೊಟ್ಟರೂ ತಗ್ಗದೆ, ಮುಟ್ಟಿಗೆ ಮುಂಚೆಯೇ ಶುರುವಾಗಿ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ ಎಂದರೆ ಅಲ್ಲಿ ಇನ್ನೇನೋ ಇದೆ. 'ನಿನ್ನ ಶಕ್ತಿಯ ಮಾತಲ್ಲ ಪುಟ್ಟ, ಕಾರಣ ಬೇರೆ ಇರಬೇಕು' ಎಂದು ಹೇಳಿ, ಅಕ್ಕನ ಅಸಮಾಧಾನವನ್ನೂ ಕಟ್ಟಿಕೊಂಡು, ಬೇರೆ ಊರಿನ ವೈದ್ಯೆಯೊಬ್ಬರ ಬಳಿ ಕರೆದುಕೊಂಡು ಹೋದೆ. ಅವರು ಅರ್ಧ ಗಂಟೆ ಅವಳನ್ನೇ ಮಾತಾಡಿಸಿದರು. ಆಮೇಲೆ ಸ್ಕ್ಯಾನು, ಲ್ಯಾಪರೊಸ್ಕೋಪಿ. ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಪದರವೇ ಹೊರಗೂ ಬೆಳೆದಿತ್ತು, ಅಂಡಾಶಯದಲ್ಲಿ 'ಚಾಕೊಲೇಟ್ ಸಿಸ್ಟ್' ಕಟ್ಟಿತ್ತು. ಎಂಟು ವರ್ಷ ಎಲ್ಲರೂ ಅವಳಿಗೆ ತಡೆದುಕೊಳ್ಳಲು ಹೇಳುತ್ತಿದ್ದದ್ದು ಇದನ್ನು. ಈಗ ಚಿಕಿತ್ಸೆಯಲ್ಲಿದ್ದಾಳೆ. ನೋವು ಪೂರ್ತಿ ಹೋಗಿಲ್ಲ. ಆದರೆ ತಾನು ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೂ ಗೊತ್ತಾಗಿದೆ, ಮನೆಯವರಿಗೂ ಗೊತ್ತಾಗಿದೆ. ವರದಿ ಕೈಗೆ ಬಂದ ದಿನ ಅವಳು ಅತ್ತದ್ದು ಭಯದಿಂದಲ್ಲ ಎಂದು ನನಗನ್ನಿಸಿತು.

ಇಷ್ಟು ವರ್ಷ ಆ ಗೆರೆಗಳನ್ನು ನೋಡಿ ನನಗೆ ತಿಳಿದದ್ದೊಂದುಂಟು. ಡ್ರಮ್ಮಿನ ಮೇಲೆ ಬರೆದುಕೊಳ್ಳುವುದು ಬಿಗಿತವನ್ನು, ನೋವನ್ನಲ್ಲ. ನೇತುಹಾಕಿದ ಸ್ನಾಯುವಿಗೆ ನೋಯುವುದಿಲ್ಲ. ನೋಯುವುದಕ್ಕೆ ಒಬ್ಬ ಮನುಷ್ಯಳು ಬೇಕು. ಹೊಟ್ಟೆಗೆ ಚುಚ್ಚುಮದ್ದು ಕೊಟ್ಟ ಸಣ್ಣ ಇಲಿ ಎಷ್ಟು ಸಲ ಹೊರಳಾಡಿತೆಂದು ಎಣಿಸುವ ಪರೀಕ್ಷೆಯೂ ಇದೆ. ಅಲ್ಲಿಯೂ ಎಣಿಸುವುದು ಹೊರಳಾಟವನ್ನು. ಕೊನೆಗೆ ಯಾವುದೇ ಮಾತ್ರೆ ಹೆಂಗಸರ ಮೇಲೆ ಪರೀಕ್ಷೆಗೆ ಬಂದಾಗ ವಿಜ್ಞಾನಿಗಳು ಮಾಡುವುದೇನು ಗೊತ್ತೇ? 'ಸೊನ್ನೆಯಿಂದ ಹತ್ತರವರೆಗೆ ನಿಮ್ಮ ನೋವು ಎಷ್ಟು?' ಎಂದು ಆಕೆಯನ್ನೇ ಕೇಳಿ, ಹೇಳಿದ ಅಂಕೆಯನ್ನು ಬರೆದುಕೊಳ್ಳುತ್ತಾರೆ. ಕಾಕ್ರೇನಿನವರು ಕೂಡಿಸಿದ 80 ಪರೀಕ್ಷೆಗಳೂ ನಿಂತಿರುವುದು ಹೆಂಗಸರ ಮಾತಿನ ಮೇಲೆ. ವಿಜ್ಞಾನ ನಂಬುವ ಆ ಮಾತನ್ನು ಮನೆಯವರು ನಂಬಲು ಏನು ಕಷ್ಟ?

ಹೊಗೆ ಹಿಡಿಸಿದ ಡ್ರಮ್ಮುಗಳು ಈಗ ಮೂಲೆ ಸೇರಿವೆ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ 1998ರಲ್ಲಿ ಕೇಂದ್ರ ಸರ್ಕಾರದ ನಿಯಮಗಳು ಬಂದವು. ಪುದುಚೇರಿಯ ಜಿಪ್ಮರ್‌ನಲ್ಲಿ ರೂಪುಗೊಂಡ ಎಕ್ಸ್‌ಫಾರ್ಮ್‌ನಂಥ ತಂತ್ರಾಂಶಗಳಲ್ಲಿ ಮಕ್ಕಳು ಕಂಪ್ಯೂಟರ್ ಮುಂದೆಯೇ ಇಂಥ ಪಾಠ ಕಲಿಯುತ್ತಾರೆ. ಗುಂಡಿ ಒತ್ತಿದರೆ ಗುಡ್ಡ ಏಳುತ್ತದೆ. ಇಲಿಗಳು ಬದುಕಿದವು, ಅಮ್ಮ ಇದ್ದಿದ್ದರೆ ಸಂತೋಷಪಡುತ್ತಿದ್ದರು. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಪತ್ರಿಕೆಯ ಮುಖಪುಟದಲ್ಲಿ 'ಮುಟ್ಟು' ಎಂಬ ಅಕ್ಷರ ದಪ್ಪಗೆ ಅಚ್ಚಾದದ್ದನ್ನು ನೋಡಿ ಕಾಗೆಗಳಿಗೂ ಬಿಡುಗಡೆಯಾಯಿತು ಎಂದುಕೊಂಡೆ.

ಆದರೂ ಮೊನ್ನೆ ನಮ್ಮ ಬೀದಿಯ ಔಷಧದಂಗಡಿಯಲ್ಲಿ ಯೂನಿಫಾರ್ಮ್ ಹಾಕಿದ ಹುಡುಗಿಯೊಬ್ಬಳು, ನಿಂತಿದ್ದ ಗಂಡಸರೆಲ್ಲ ಹೋಗಲೆಂದು ಬಹಳ ಹೊತ್ತು ಕಾಯುತ್ತಿದ್ದಳು. ಮುಖ ಬಿಳಿಚಿತ್ತು. ಅವಳ ಸರದಿ ಬಂದಾಗ ಅಂಗಡಿಯವರು, 'ಯಾರಿಗಮ್ಮ? ಎಷ್ಟು ದಿನದಿಂದ? ಊಟ ಆಗಿದೆಯಾ?' ಎಂದು ಮೆಲ್ಲಗೆ ಕೇಳಿದರು. 'ಉಬ್ಬಸ ಗಿಬ್ಬಸ ಇಲ್ಲ ತಾನೆ?' ಎಂದೂ ಕೇಳಿದರು. ಹುಡುಗಿ ಒಂದೊಂದಕ್ಕೂ ಉತ್ತರ ಹೇಳಿದಳು. ಪಕ್ಕದಲ್ಲಿ ಬಿ.ಪಿ. ಮಾತ್ರೆಗಾಗಿ ನಿಂತಿದ್ದ ನಾನು ನನ್ನ ಚೀಲದಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಅವಳ ಕೈಗಿಟ್ಟು, 'ಮೊದಲು ಇದು ತಿನ್ನು, ಆಮೇಲೆ ಮಾತ್ರೆ' ಎಂದೆ. ಅವಳು ಅಂಗಡಿಯ ಮೆಟ್ಟಿಲ ಮೇಲೆಯೇ ಕೂತು, ಎಲ್ಲರೆದುರಿಗೇ, ಬಿಸ್ಕತ್ತು ತಿಂದು ಮಾತ್ರೆ ನುಂಗಿದಳು.